ನೀವು ಬರೆಯದೆ ಬಿಟ್ಟ ಒಂದು ವರ್ಷ

ಪ್ರಿಯ ಲೇಖಕಿಯವರೇ,

ಜಪಾನಿನ ಕ್ಯೋಟೋ ನಗರದ ಗಿಯೋನ್ ಕೇರಿಗೆ ಮೈಕೋ ಆಗಲು ಬಂದ 15 ವರ್ಷದ ಹುಡುಗಿಯನ್ನು ಕುರಿತ ನಿಮ್ಮ ‘ಕೆಂಪು ಕೊರಳಪಟ್ಟಿ’ ಕಥೆಯನ್ನು ಎರಡು ಬಾರಿ ಓದಿದೆ. ಭಾಷೆ ಶುದ್ಧವಾಗಿದೆ, ಸಂಭಾಷಣೆ ಹಿತಮಿತವಾಗಿದೆ. ಔತಣಗಳಲ್ಲಿ ನೃತ್ಯ, ಸಂಗೀತಗಳಿಂದ ಅತಿಥಿಗಳನ್ನು ರಂಜಿಸುವ ಗೀಶಾಳನ್ನು ಕ್ಯೋಟೋದವರು ‘ಗೇಕೋ’ ಎನ್ನುತ್ತಾರೆ, ಆ ಹಂತಕ್ಕೆ ಏರುವ ಮುನ್ನ ಕಲಿಯುತ್ತಿರುವವಳೇ ಮೈಕೋ ಎಂಬುದನ್ನು ಅರಿತು ಬರೆದಿದ್ದೀರಿ. ಆದರೂ ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಎರಡು ವಾಕ್ಯಗಳು ನನ್ನನ್ನು ಬಹಳ ಕಾಡಿದವು.

ಮೊದಲನೆಯದು ಮೂರನೆಯ ಪುಟದಲ್ಲಿದೆ: “ಒಂದು ವರ್ಷ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಳೆದುಹೋಯಿತು.” ಯಾರ ಕಣ್ಣು? ಗೇಕೋ, ಮೈಕೋಗಳು ವಾಸಿಸುವ ಓಕಿಯಾ ಎಂಬ ಮನೆಗೆ ಬಂದ ಹುಡುಗಿ ಕೂಡಲೇ ಮೈಕೋ ಆಗುವುದಿಲ್ಲ. ಸುಮಾರು ಒಂದು ವರ್ಷ ಅವಳು ಶಿಕೋಮಿ. ಮುಖಕ್ಕೆ ಬಿಳಿ ಬಣ್ಣವಿಲ್ಲ, ಮುಡಿಗೆ ಹೂವಿಲ್ಲ. ಮನೆಗೆಲಸ ಮಾಡುತ್ತ, ನೃತ್ಯದ ಪಾಠಕ್ಕೆ ಹೋಗಿ ಬರುತ್ತ, ಹುಟ್ಟೂರಿನ ಮಾತಿನ ಧಾಟಿಯನ್ನು ಬಿಟ್ಟು ಕ್ಯೋಟೋದ ನುಡಿಯನ್ನು ನಾಲಿಗೆಗೆ ರೂಢಿಸಿಕೊಳ್ಳುತ್ತ, ಔತಣಗಳಿಂದ ನಡುರಾತ್ರಿ ಮರಳುವ ಹಿರಿಯರಿಗಾಗಿ ಎದ್ದಿದ್ದು ಅವರ ಉಡುಪು ಕಳಚಲು ನೆರವಾಗುತ್ತ ಅವಳು ಆ ವರ್ಷವನ್ನು ಕಳೆಯುತ್ತಾಳೆ. ಅಲ್ಲಿ ಹಿರಿಯರನ್ನು ‘ಅಕ್ಕ’ ಎಂದೂ ಮನೆಯೊಡತಿಯನ್ನು ‘ಅಮ್ಮ’ ಎಂದೂ ಕರೆಯುತ್ತಾರೆ. ಹೆತ್ತವರಿಂದ ದೂರವಿರುವ ಹುಡುಗಿಗೆ ಆ ಎರಡು ಪದಗಳು ಹೇಗೆ ಕೇಳಿಸಿರಬಹುದು ಎಂದು ನೀವು ಯೋಚಿಸಲೇ ಇಲ್ಲ. ತಡೆಯಲಾರದೆ ಊರಿಗೆ ಮರಳಿದವರೂ ಇದ್ದಾರೆ. ನಿಮ್ಮ ನಾಯಕಿ ಏಕೆ ಮರಳಲಿಲ್ಲ ಎಂಬುದೇ ಕಥೆಯಾಗಬೇಕಿತ್ತು.

ಈ ಸಾಲು ನನಗೆ ನೋವು ತಂದುದಕ್ಕೆ ಕಾರಣವಿದೆ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ವಾರಪತ್ರಿಕೆಯೊಂದಕ್ಕೆ ಸೇರಿದ ನಾನು ಹದಿನಾಲ್ಕು ತಿಂಗಳು ಕರಡಚ್ಚು ತಿದ್ದಿದೆನೇ ಹೊರತು ನನ್ನ ಹೆಸರಿನಲ್ಲಿ ಒಂದು ಸಾಲೂ ಅಚ್ಚಾಗಲಿಲ್ಲ. ಅಚ್ಚುಮೊಳೆ ಜೋಡಿಸುವವರ ಪಕ್ಕದಲ್ಲಿ ನಿಂತು ತಿರುವುಮುರುವಾದ ಅಕ್ಷರಗಳನ್ನು ಓದಲು ಕಲಿತೆ. ತಪ್ಪೆಲ್ಲಿದೆ ಎಂದು ಹೇಳದೆಯೇ ಹಿರಿಯ ಸಂಪಾದಕರು ಒಂದೇ ಪುಟವನ್ನು ಮೂರು ಸಲ ಹಿಂದಿರುಗಿಸಿದ ದಿನ ಕಾಗದದ ಉಗ್ರಾಣದಲ್ಲಿ ಕುಳಿತು ಅತ್ತಿದ್ದೆ. ನಾಲ್ಕನೆಯ ಸಲ ಕಂಡಿತು: ಒಂದು ಸೊನ್ನೆ ಬಿಟ್ಟುಹೋಗಿ ‘ಅಂದು’ ಎಂಬುದು ‘ಅದು’ ಆಗಿತ್ತು. ಆ ಹದಿನಾಲ್ಕು ತಿಂಗಳಲ್ಲಿ ಯಾವ ದಿನವೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಳೆಯಲಿಲ್ಲ.

ಎರಡನೆಯ ವಾಕ್ಯ ಅವಳು ಮೈಕೋ ಆಗಿ ಮೊದಲ ಬಾರಿ ಹೊರಬಂದ ಮಿಸೆದಾಶಿಯ ದಿನದ್ದು: “ರಾತ್ರಿ ಕೋಣೆಗೆ ಬಂದವಳೇ ನಡುಪಟ್ಟಿ ಸಡಿಲಿಸಿ, ಮುಡಿ ಬಿಚ್ಚಿ, ಮೆತ್ತನೆಯ ದಿಂಬಿಗೆ ಮುಖವೊತ್ತಿ ಅತ್ತಳು.” ಪದಪದವಾಗಿ ನೋಡೋಣ. ಮೈಕೋಳ ನಡುಪಟ್ಟಿ ಐದು ಮೀಟರಿಗೂ ಹೆಚ್ಚು ಉದ್ದವಿರುತ್ತದೆ. ಅದನ್ನು ಬಿಗಿದು ಕಟ್ಟಲು ಒತೊಕೋಶಿ ಎಂಬ ಕಸುಬಿನ ಗಂಡಸರೇ ಬರುತ್ತಾರೆ. ಬಂದವಳೇ ಸಡಿಲಿಸುವ ವಸ್ತ್ರ ಅದಲ್ಲ. ಗೇಕೋ ಸಾಮಾನ್ಯವಾಗಿ ಕೃತಕ ಮುಡಿ ಧರಿಸುತ್ತಾಳೆ, ಮೈಕೋಳದು ಸ್ವಂತ ಕೂದಲು. ಮೇಣ ಹಚ್ಚಿ ಕಟ್ಟಿದ ‘ವಾರೆಶಿನೋಬು’ ಮುಡಿ ಸುಮಾರು ಒಂದು ವಾರ ಹಾಗೆಯೇ ಇರಬೇಕು. ಅದು ಕೆಡದಿರಲೆಂದು ಅವಳು ಕತ್ತಿಗೆ ಆನಿಸುವ ‘ತಾಕಾಮಕುರಾ’ ಎಂಬ ಎತ್ತರದ ದಿಂಬಿನ ಮೇಲೆ ಮಲಗುತ್ತಾಳೆ. ಅಂಥ ದಿಂಬಿಗೆ ಮುಖವೊತ್ತಲು ಬರುವುದಿಲ್ಲ. ಅಳು ಬಂದರೂ ಕತ್ತು ಅಲುಗಿಸದೆ ಅಂಗಾತ ಮಲಗಿ ಅಳಬೇಕು, ಕಣ್ಣೀರು ಕಿವಿಯತ್ತ ಹರಿಯಬೇಕು. ನೀವು ಬರೆದ ಅಳು ಯಾವ ಕಥೆಯ ಯಾವ ನಾಯಕಿಗೂ ಹೊಂದುತ್ತದೆ. ಈ ಅಳು ಇವಳಿಗೆ ಮಾತ್ರ ಸೇರಿದ್ದು.

ಐದನೆಯ ಪುಟದಲ್ಲಿ ಆ ಮನೆಗೆ ಹೊಸದಾಗಿ ಸೇರಿದ ಇನ್ನೊಬ್ಬ ಹುಡುಗಿ ಚಹಾ ತಂದಿಟ್ಟು ಮರೆಯಾಗುತ್ತಾಳೆ. ಅವಳನ್ನು ಮರೆಯಾಗಲು ಬಿಡಬೇಡಿ. ಅಂದು ರಾತ್ರಿ ಬಾಗಿಲಲ್ಲಿ ನಿದ್ದೆಗಣ್ಣಿನಲ್ಲಿ ಕಾಯುವವಳು ಅವಳೇ, ನಡುಪಟ್ಟಿಗೆ ಕೈ ಹಾಕುವವಳೂ ಅವಳೇ. ಹಿಂದಿನ ವರ್ಷ ತಾನು ಕುಳಿತ ಜಾಗದಲ್ಲಿ ಅವಳನ್ನು ಕಂಡಾಗ ನಿಮ್ಮ ನಾಯಕಿ ಏನು ಹೇಳುತ್ತಾಳೆ? ಅಲ್ಲಿಂದ ಆರಂಭಿಸಿ ಇಡೀ ಕಥೆಯನ್ನು ಮತ್ತೊಮ್ಮೆ ಬರೆದು ಕಳುಹಿಸಿ. ಎಷ್ಟು ಪುಟವಾದರೂ ಓದುತ್ತೇನೆ.

ಇಂತು,
ಸಂಪಾದಕ