ವಿಸ್ಟ್‌ಫುಲ್ ಅಂದರೆ ಆಸೆಯೋ, ಬೇಜಾರೋ?

ನಿಮ್ಮ ಪ್ರಶ್ನೆ ಇದು: ಓದುತ್ತಿರುವ ಇಂಗ್ಲಿಷ್ ಕಾದಂಬರಿಯಲ್ಲಿ ಒಬ್ಬ ಮುದುಕಿ, ಸ್ಕೂಲಿಗೆ ಹೋಗುವ ಮಕ್ಕಳನ್ನು ಕಿಟಕಿಯಿಂದ 'ವಿಸ್ಟ್‌ಫುಲ್' ಆಗಿ ನೋಡುತ್ತಾಳೆ. ಒಂದು ಕಡೆ ಹುಡುಕಿದರೆ 'ಆಸೆಯಿಂದ' ಅಂತ ಬಂತು, ಇನ್ನೊಂದು ಕಡೆ 'ಚಿಂತಾಕ್ರಾಂತಳಾಗಿ' ಅಂತ. ಯಾವುದು ಸರಿ? ಸ್ಯಾಡ್ ಅನ್ನೋದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಎರಡೂ ಅರ್ಧರ್ಧ ಸರಿ. ನಾನು ಇಂಗ್ಲಿಷ್ ಮೇಷ್ಟ್ರಲ್ಲ, ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಆಫೀಸ್ ಕೆಲಸ ಮಾಡುವವನು. ಆದರೆ ಈ ಪದದ ಜೊತೆ ನನಗೊಂದು ಹಳೇ ಲೆಕ್ಕ ಇದೆ.

ಕೆಲಸಕ್ಕೆ ಸೇರಿದ ಹೊಸತು. ಹೊರಗಿನ ಖರೀದಿದಾರರಿಗೆ ಮೇಲ್ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಸ್ವಲ್ಪ ಚೆಂದದ ಇಂಗ್ಲಿಷ್ ಇರಲಿ ಅಂತ, ನಿಮ್ಮ ಜೊತೆಗಿನ ವ್ಯವಹಾರದ ಬಗ್ಗೆ ನಾವು ವಿಸ್ಟ್‌ಫುಲ್ ಆಗಿದ್ದೇವೆ ಎಂದು ಬರೆದೆ. ವಿಶ್‌ಫುಲ್ (ಆಸೆ ತುಂಬಿದ) ಅನ್ನೋದನ್ನೇ ಗತ್ತಾಗಿ ಬರೆದರೆ ಹೀಗೆ ಅಂತ ನಾನು ತಿಳಿದುಕೊಂಡಿದ್ದೆ. ಮಾರನೇ ದಿನ ಉತ್ತರ ಬಂತು: 'ಯಾಕೆ, ನಮ್ಮ ಜೊತೆ ವ್ಯವಹಾರ ನಿಲ್ಲಿಸುತ್ತಿದ್ದೀರಾ?' ಮ್ಯಾನೇಜರ್ ಅದರ ಪ್ರಿಂಟ್ ತೆಗೆದು ನನ್ನ ಟೇಬಲ್ ಮೇಲಿಟ್ಟು ಹೋದರು. ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಆಮೇಲೆ ಹುಡುಕಿ ನೋಡಿದೆ. ನನ್ನ ಎಡವಟ್ಟಿಗೆ ಚರಿತ್ರೆಯಲ್ಲೂ ಸಣ್ಣ ನೆಪ ಸಿಕ್ಕಿತು. 17ನೇ ಶತಮಾನದಲ್ಲಿ ಈ ಪದಕ್ಕೆ 'ಗಮನವಿಟ್ಟು ನೋಡುವ' ಅನ್ನೋ ಅರ್ಥ ಇತ್ತು. ನೆಟ್ಟ ನೋಟದಿಂದ ಅನ್ನೋದಕ್ಕೆ ಇಂಗ್ಲಿಷಿನಲ್ಲಿ 'ವಿಸ್ಟ್ಲಿ' ಅಂತ ಹಳೇ ಪದವೊಂದು ಇತ್ತು, ಬಹುಶಃ ಅದರಿಂದ ಹುಟ್ಟಿದ್ದು. ವಿಶ್‌ಫುಲ್‌ನ ಬಣ್ಣ ಇದಕ್ಕೂ ಸ್ವಲ್ಪ ಅಂಟಿರಬಹುದು ಅನ್ನುತ್ತಾರೆ. 18ನೇ ಶತಮಾನದ ಹೊತ್ತಿಗೆ ಹಂಬಲವೂ ಮೆಲುಬೇಸರವೂ ಇದರೊಳಗೆ ಬಂದು ಕೂತವು. ಇವತ್ತಿಗೂ ಈ ಪದ ಕಣ್ಣು, ನೋಟಗಳ ಜೊತೆಗೇ ಜಾಸ್ತಿ ಬರುತ್ತೆ, ಗಮನಿಸಿ.

ಇಷ್ಟು ಓದಿದ ಮೇಲೂ ಪದ ಕೈಗೆ ಸಿಕ್ಕಿರಲಿಲ್ಲ. ಸಿಕ್ಕಿದ್ದು ಶೆಟ್ಟಿಹಳ್ಳಿಯಲ್ಲಿ.

ನಮ್ಮಮ್ಮನ ತವರು ಹೇಮಾವತಿ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಒಂದು. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯಿತು. ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿ ಚರ್ಚಿನ ಫೋಟೋ ನೋಡಿರುತ್ತೀರಿ, 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಅದೇ ನೀರು. ಒಂದು ಏಪ್ರಿಲ್‌ನಲ್ಲಿ ನೆಂಟರ ಮಕ್ಕಳಿಗೆ ಚರ್ಚು ತೋರಿಸೋಣ ಅಂತ ಹೊರಟಾಗ ಅಮ್ಮನೂ ಬಂದರು. ನೀರು ಇಳಿದು, ಒಣಗಿದ ಕೆಸರು ಬಿರುಕು ಬಿಟ್ಟಿತ್ತು. ಮಕ್ಕಳು ಗೋಡೆ ಹತ್ತಿರ ಸೆಲ್ಫಿ ತೆಗೆಯುತ್ತಿದ್ದರು. ಅಮ್ಮ ಆ ಕಡೆ ತಿರುಗಲೇ ಇಲ್ಲ. ಬಿಸಿಲಿಗೆ ಸೆರಗನ್ನು ತಲೆ ಮೇಲೆ ಎಳೆದುಕೊಂಡು, ದೂರದಲ್ಲಿ ಇನ್ನೂ ನೀರು ಉಳಿದಿದ್ದ ಕಡೆ ನೋಡುತ್ತ ನಿಂತರು.

"ಅಲ್ಲೆಲ್ಲೋ ನಮ್ಮ ಕಣ ಇತ್ತು ಕಣೋ. ಒಂದು ಹುಣಸೇಮರ ಇತ್ತು."

"ಎಲ್ಲಿ?" ಅಂದೆ.

ಕೈ ಎತ್ತಿದರು. ಬೆರಳು ಆ ಕಡೆ ಈ ಕಡೆ ಸ್ವಲ್ಪ ಅಲೆದು ಸುಮ್ನೆ ಕೆಳಗಿಳಿಯಿತು. "ಗೊತ್ತಾಗಲ್ಲ ಬಿಡು ಈಗ." ತುಟಿಯಲ್ಲಿ ಒಂಚೂರು ನಗು. ಅಳು ಇರಲಿಲ್ಲ. ಯಾರಿಗೂ ಶಾಪ ಹಾಕಲಿಲ್ಲ, ಅದೆಲ್ಲ ನಮ್ಮ ತಾತನ ಕಾಲಕ್ಕೇ ಆಗಿಹೋಗಿತ್ತು. ಒಂದು ನಿಮಿಷ ಆಯಿತೋ ಇಲ್ಲವೋ, "ಆ ಮಕ್ಕಳಿಗೆ ಕುಡಿಯೋಕೆ ನೀರು ಕೊಟ್ಯಾ?" ಅಂತ ಇತ್ತ ತಿರುಗಿದರು.

ಆ ಒಂದು ನಿಮಿಷ ಇದೆಯಲ್ಲ, ಅದೇ ವಿಸ್ಟ್‌ಫುಲ್. ಬೇಕು ಅನ್ನಿಸುತ್ತೆ. ಸಿಗಲ್ಲ ಅಂತಲೂ ಗೊತ್ತು. ಗೊತ್ತಿರೋದರಿಂದ ಹಟ ಇಲ್ಲ, ಜಗಳ ಇಲ್ಲ. ಹಾಗಂತ ಬೇಕು ಅನ್ನೋದು ಪೂರ್ತಿ ಹೋಗಿಯೂ ಇಲ್ಲ.

ಈಗ ನಿಮಗೆ ಸಿಕ್ಕಿದ ಅರ್ಥಗಳಿಗೆ ಬರೋಣ. ಬೇಕರಿ ಮುಂದೆ ನಿಂತ ಮಗು ಆಸೆಗಣ್ಣಿಂದ ನೋಡಿದರೆ ಅದಕ್ಕಿನ್ನೂ ಭರವಸೆ ಇದೆ, ಅಪ್ಪ ಕೊಡಿಸಿದರೂ ಕೊಡಿಸಬಹುದು. ಚಿಂತಾಕ್ರಾಂತ ಅಂದರೆ ಕಾಫಿ ರೇಟು ಬಿದ್ದಾಗ ಬ್ಯಾಂಕಿನ ಕಂತು ಕಟ್ಟಬೇಕಾದವನ ಮುಖ. ಕೊರಗು ಅಂದರೆ ತೂಕ ಜಾಸ್ತಿ ಆಯಿತು, ಅದು ಮನುಷ್ಯನನ್ನು ಒಳಗಿನಿಂದ ತಿನ್ನುತ್ತೆ. ಹಳಹಳಿ ಅನ್ನೋದು ಹತ್ತಿರ ಬರುತ್ತೆ, ಆದರೆ ಅದರಲ್ಲಿ 'ಛೆ, ಹಾಗೆ ಮಾಡಬಾರದಿತ್ತು' ಅನ್ನೋ ವಾಸನೆ ಇದೆ. ದಿನದ ಮಾತಿನಲ್ಲಂತೂ ನಮಗೆ ಎಲ್ಲಕ್ಕೂ ಬೇಜಾರು ಒಂದೇ. ಕರೆಂಟ್ ಹೋದರೂ ಬೇಜಾರು, ಗೆಳೆಯ ಮದುವೆಗೆ ಕರೆಯದಿದ್ದರೂ ಬೇಜಾರು, ಭಾನುವಾರ ಮಾಡೋಕೆ ಕೆಲಸ ಇಲ್ಲದಿದ್ದರೂ ಬೇಜಾರು. ಇದನ್ನೇ ಇಟ್ಟುಕೊಂಡು ವಿಸ್ಟ್‌ಫುಲ್ ಹಿಡಿಯಲು ಹೊರಟರೆ ಜಾರಿಹೋಗುತ್ತೆ.

ನಾಸ್ಟಾಲ್ಜಿಯಾ (ಕಳೆದುಹೋದ ದಿನಗಳ ಹಂಬಲ) ಜೊತೆಗೂ ಕಲಸಿಕೊಳ್ಳಬೇಡಿ. ಆ ಪದವನ್ನು 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ, ಮನೆಗೆ ಮರಳುವುದು ಮತ್ತು ನೋವು ಎಂಬ ಎರಡು ಗ್ರೀಕ್ ಪದ ಜೋಡಿಸಿ, ಊರು ಬಿಟ್ಟು ಬಂದವರ ಕಾಯಿಲೆಗೆ ಹೆಸರಾಗಿ ಮಾಡಿದ. ಅಂದರೆ ಹಿಂದೆ ಏನೋ ಇದ್ದಿರಬೇಕು. ವಿಸ್ಟ್‌ಫುಲ್‌ಗೆ ಹಾಗೇನಿಲ್ಲ, ಯಾವತ್ತೂ ಇಲ್ಲದಿದ್ದ ವಸ್ತುವಿಗೂ ಆಗುತ್ತೆ. ನಾನು ಪಿಯುಸಿ ಆದ ಮೇಲೆ ಮುಂದೆ ಓದಲಿಲ್ಲ, ಮನೆಯಲ್ಲಿ ಆಗುತ್ತಿರಲಿಲ್ಲ. ಈಗಲೂ ಸಂಜೆ ಸಾಲಗಾಮೆ ರಸ್ತೆಯಲ್ಲಿ ಎಂಸಿಇ ಇಂಜಿನಿಯರಿಂಗ್ ಕಾಲೇಜು ದಾಟುವಾಗ ಬ್ಯಾಗು ನೇತುಹಾಕಿಕೊಂಡು ಹುಡುಗರು ಗುಂಪಾಗಿ ಹೊರಗೆ ಬರುತ್ತಿದ್ದರೆ ಬೈಕು ತಾನಾಗಿ ನಿಧಾನ ಆಗುತ್ತೆ. ಅಷ್ಟೇ. ಮುಂದಿನ ಸರ್ಕಲ್‌ಗೆ ಬರುವಷ್ಟರಲ್ಲಿ ತರಕಾರಿ ಏನು ತರಬೇಕು ಅನ್ನೋದು ತಲೆಯಲ್ಲಿರುತ್ತೆ. ಮೆಲಂಕಲಿ (ಆಳವಾದ ವಿಷಾದ) ಆಗಿದ್ದರೆ ಅಷ್ಟು ಬೇಗ ಬಿಡುತ್ತಿರಲಿಲ್ಲ. ಅದರ ಗ್ರೀಕ್ ಮೂಲಕ್ಕೆ ಕಪ್ಪು ಪಿತ್ತ ಅಂತ ಅರ್ಥ, ಮೈಗೆ ಹತ್ತಿದ ಪಿತ್ತದ ಹಾಗೇ ದಿನಗಟ್ಟಲೆ ಕೂರುತ್ತೆ.

ಇನ್ನು ಬಳಕೆ. ವಿಸ್ಟ್‌ಫುಲ್ ಪಕ್ಕದಲ್ಲಿ ಸ್ಮೈಲ್, ಲುಕ್, ಸೈ (ನಿಟ್ಟುಸಿರು), ಇಂಥವು ಒಗ್ಗುತ್ತವೆ. ಗೋಳೋ ಅಂತ ಅಳುವುದಕ್ಕೆ, ಮೊನ್ನೆ ಸತ್ತವರ ಮನೆಯ ದುಃಖಕ್ಕೆ ಹಾಕಬೇಡಿ. ವ್ಯವಹಾರದ ಮೇಲ್‌ಗೆ ಅಂತೂ ಬೇಡವೇ ಬೇಡ.

ನಿಮ್ಮ ಮುದುಕಿಯ ವಾಕ್ಯವನ್ನು ನಾನಾದರೆ ಒಂದೇ ಪದದಲ್ಲಿ ಮುಗಿಸುವುದಿಲ್ಲ. ಒಂದೆರಡು ಪುಟ ಹಿಂದೆ ಮುಂದೆ ತಿರುವಿ, ಅವಳು ಚಿಕ್ಕವಳಾಗಿದ್ದಾಗ ಸ್ಕೂಲಿಗೆ ಹೋಗಿದ್ದಳಾ ಅಂತ ನೋಡಿ. ಹೋಗಿದ್ದರೆ, 'ಮಕ್ಕಳು ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತ ನಿಂತಳು, ಏನೋ ನೆನೆದು ತನ್ನಷ್ಟಕ್ಕೇ ನಕ್ಕಳು' ಅಂತ ಬರೆಯಬಹುದು. ಹೋಗಿಲ್ಲದಿದ್ದರೆ ಆ ನಗು ತೆಗೆದು, 'ಕಣ್ಣಲ್ಲಿ ಯಾವುದೋ ಹಳೇ ಆಸೆ ಬಂದು ಹೋಯಿತು' ಅಂತ ಹಾಕಿ.