ಮನೇಲೇ ವೆಲ್ಡಿಂಗ್, ಮರಗೆಲಸ ಹವ್ಯಾಸವಾಗಿ ಮಾಡ್ತೀನಿ, ಬೆಂಕಿ ಬಿದ್ರೆ ಹೋಮ್ ಇನ್ಶೂರೆನ್ಸ್ ದುಡ್ಡು ಕೊಡುತ್ತಾ?

ಹವ್ಯಾಸ ಇದೆ ಅನ್ನೋ ಒಂದೇ ಕಾರಣಕ್ಕೆ ಸಾಮಾನ್ಯವಾಗಿ ಕ್ಲೇಮ್ ರಿಜೆಕ್ಟ್ ಆಗಲ್ಲ. ಕಿಡಿ ಹಾರಿ ಆಕಸ್ಮಿಕವಾಗಿ ಬೆಂಕಿ ಹತ್ಕೊಂಡ್ರೆ, ನಿಮ್ಮದೇ ಅಜಾಗರೂಕತೆ ಆಗಿದ್ರೂ ಹೆಚ್ಚಿನ ಪಾಲಿಸಿಗಳು ಕವರ್ ಮಾಡ್ತವೆ, ಬೇಕಂತಲೇ ಹಚ್ಚಿದ್ದಕ್ಕೆ ಮಾತ್ರ ಯಾರೂ ಕೊಡಲ್ಲ.

ನಿಜವಾದ ತೊಂದ್ರೆ ಬರೋದು ಮುಚ್ಚಿಟ್ಟಾಗ. ಪಾಲಿಸಿ ತಗೊಳ್ಳುವಾಗ ಫಾರ್ಮ್‌ನಲ್ಲಿ ಕೇಳಿರೋದಕ್ಕೆ ತಪ್ಪು ಉತ್ತರ ಬರೆದ್ರೆ, ಇಲ್ಲಾ ಆಮೇಲೆ ಗ್ಯಾಸ್ ಸಿಲಿಂಡರ್, ಥಿನ್ನರ್, ಪೆಟ್ರೋಲ್ ಎಲ್ಲಾ ತಂದು ತುಂಬಿಸ್ಕೊಂಡು ಕಂಪನಿಗೆ ಹೇಳ್ದೇ ಇದ್ರೆ, ರಿಸ್ಕ್ ಜಾಸ್ತಿ ಆಗಿದ್ದನ್ನ ತಿಳಿಸಿಲ್ಲ ಅಂತ ಕ್ಲೇಮ್ ಕಡಿಮೆ ಮಾಡ್ಬಹುದು, ಪೂರ್ತಿ ತಳ್ಳಿಹಾಕಲೂಬಹುದು.

ಇನ್ನೊಂದು, ಮಾಡಿದ್ದನ್ನ ಮಾರೋಕೆ ಶುರು ಮಾಡಿದ್ರೆ ಅದು ಹವ್ಯಾಸ ಅಲ್ಲ, ಬಿಸಿನೆಸ್. ಮನೆ ಪಾಲಿಸಿಗಳಲ್ಲಿ ಬಿಸಿನೆಸ್‌ಗೆ ಕವರ್ ತುಂಬಾ ಕಮ್ಮಿ, ಎಷ್ಟೋ ಸಲ ಇರೋದೇ ಇಲ್ಲ, ಬಹಳ ಜನ ಸಿಕ್ಕಿಬೀಳೋದು ಇಲ್ಲೇ.

ಪಕ್ಕದ ಮನೆಗೆ ಬೆಂಕಿ ಹಬ್ಬಿದ್ರೆ, ನೋಡೋಕೆ ಬಂದ ಫ್ರೆಂಡ್‌ಗೆ ಗಾಯ ಆದ್ರೆ ಅದಕ್ಕೆ ಲಯಬಿಲಿಟಿ ಕವರ್ (ಬೇರೆಯವರಿಗೆ ಆದ ನಷ್ಟಕ್ಕೆ ನೀವು ಕೊಡಬೇಕಾದ ಪರಿಹಾರ ಭರಿಸೋ ಕವರ್) ಬೇಕು, ಕಟ್ಟಡದ ಕವರ್ ಸಾಕಾಗಲ್ಲ. ಮತ್ತೆ ನಿಮ್ಮ ಸ್ವಂತ ಗಾಯಕ್ಕೆ ಇದ್ಯಾವುದೂ ಬರಲ್ಲ, ಹೆಲ್ತ್ ಇನ್ಶೂರೆನ್ಸೇ ಬೇಕು.

ಮರಕ್ಕೆ ಅಗಸೆ ಎಣ್ಣೆ ಹಚ್ತೀರಾದ್ರೆ ದಯವಿಟ್ಟು ಆ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ಒಣಗುವಾಗ ತಾನೇ ಬಿಸಿಯಾಗಿ ಕಿಡಿ ಇಲ್ದೇನೂ ಹೊತ್ಕೊಳ್ಳಬಹುದು, ನೀರಲ್ಲಿ ನೆನೆಸಿ ಮುಚ್ಚಳ ಇರೋ ಲೋಹದ ಡಬ್ಬಿಗೆ ಹಾಕಿ.

ಏನೇನು ಇಟ್ಕೊಂಡಿದೀರಿ, ಎಷ್ಟು ಇಟ್ಕೊಂಡಿದೀರಿ ಅಂತ ಕಂಪನಿಗೆ ಇಮೇಲ್ ಮಾಡಿ, ಉತ್ತರಾನೂ ಬರವಣಿಗೆಯಲ್ಲೇ ತಗೊಳ್ಳಿ, ಏಜೆಂಟ್ ಫೋನಲ್ಲಿ ಹೇಳಿದ್ದನ್ನ ಆಮೇಲೆ ಸಾಬೀತು ಮಾಡೋದು ಕಷ್ಟ.