ದೆಹಲಿಯಲ್ಲಿ ಇತಿಹಾಸದ ಗೈಡ್ ಆಗಬಯಸುವವರಿಗೆ: ಕುತುಬ್ ಆವರಣದಿಂದ ಆರಂಭಿಸಿ

ನಮಸ್ಕಾರ. ಇತಿಹಾಸದಲ್ಲಿ ಎಂ.ಎ. ಮುಗಿಸಿ ದೆಹಲಿಯಲ್ಲಿ ಪ್ರವಾಸಿ ಮಾರ್ಗದರ್ಶಿಯಾಗಲು ಹೊರಟಿರುವ ತಾವು, ದೆಹಲಿಯ ಮೊದಲ ಕೋಟೆಯೆನಿಸಿದ ಲಾಲ್‌ಕೋಟ್‌ನಿಂದ ರಾಷ್ಟ್ರಪತಿ ಭವನವಿರುವ ರಾಯಸಿನಾ ಗುಡ್ಡದವರೆಗೆ ಎಲ್ಲವನ್ನೂ ಒಂದೇ ದಿನದಲ್ಲಿ ತೋರಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಬೆಳಗಿನಿಂದ ಸಂಜೆಯವರೆಗೆ ಅರಸರ ಹೆಸರುಗಳನ್ನು ಕೇಳಿದವರಲ್ಲಿ ಕೊನೆಗೆ ಉಳಿಯುವುದು ದಣಿವು ಮಾತ್ರ. ಒಂದೇ ಆವರಣವನ್ನು ಆರಿಸಿಕೊಂಡು, ನಿಂತ ಜಾಗದಿಂದ ಕಣ್ಣಿಗೆ ಕಾಣುವುದನ್ನೇ ಆಧಾರವಾಗಿಟ್ಟು ಮಾತನಾಡುವುದನ್ನು ಮೊದಲು ರೂಢಿಸಿಕೊಳ್ಳಿ. ಅದಕ್ಕೆ ಕುತುಬ್ ಆವರಣಕ್ಕಿಂತ ಉತ್ತಮವಾದ ಜಾಗ ದೆಹಲಿಯಲ್ಲಿಲ್ಲ.

ಪರವಾನಗಿಯ ವಿಷಯವನ್ನು ಹಗುರವಾಗಿ ಕಾಣಬೇಡಿ. ಸಂರಕ್ಷಿತ ಸ್ಮಾರಕಗಳಿಗೆ ಅನ್ವಯಿಸುವ 1959ರ ನಿಯಮಗಳ ಪ್ರಕಾರ, ಪರವಾನಗಿಯಿಲ್ಲದೆ ಸ್ಮಾರಕದೊಳಗೆ ಹಣ ಪಡೆದು ಯಾರಿಗೂ ಸ್ಥಳ ತೋರಿಸುವಂತಿಲ್ಲ. ಅದು ಕೈಸೇರುವವರೆಗೆ ಸ್ನೇಹಿತರನ್ನೂ ಬಂಧುಗಳನ್ನೂ ಕರೆದೊಯ್ದು, ಶುಲ್ಕವಿಲ್ಲದೆ ಅಭ್ಯಾಸ ಮಾಡಿ.

ಕುತುಬ್‌ನಲ್ಲಿ ಎಲ್ಲರೂ ನೇರವಾಗಿ ಮಿನಾರಿನ ಬುಡಕ್ಕೆ ಹೋಗುತ್ತಾರೆ. ತಾವು ಮೊದಲು ಆವರಣದೊಳಗಿನ ಕುವ್ವತುಲ್ ಇಸ್ಲಾಂ ಮಸೀದಿಯ ಮುಂದಿರುವ ಎತ್ತರದ ಕಮಾನುಗಳ ಸಾಲಿನೆದುರು ನಿಲ್ಲಿಸಿ, ಕಲ್ಲುಗಳನ್ನು ಹೇಗೆ ಜೋಡಿಸಿದ್ದಾರೆ ನೋಡಿ ಎಂದು ಕೇಳಿ. ಅಡ್ಡಲಾಗಿ ಇಟ್ಟ ಕಲ್ಲುಗಳನ್ನು ಒಂದರ ಮೇಲೊಂದು ತುಸುವೇ ಮುಂದಕ್ಕೆ ಚಾಚುತ್ತಾ ಹೋಗಿ ಮೇಲೆ ಕೂಡಿಸಿರುವುದು ಅವರಿಗೇ ಕಾಣುತ್ತದೆ. ಬಳಿಕ ಅಲಾವುದ್ದೀನ್ ಖಿಲ್ಜಿಯು 1311ರಲ್ಲಿ ಕಟ್ಟಿಸಿದ ಹೆಬ್ಬಾಗಿಲಾದ ಅಲಾಯಿ ದರ್ವಾಜಾಕ್ಕೆ ಕರೆದೊಯ್ಯಿರಿ. ಅಲ್ಲಿ ಬೆಣೆಯಾಕಾರದ ಕಲ್ಲುಗಳು ಒಂದನ್ನೊಂದು ಒತ್ತಿ ಹಿಡಿದಿರುವ ನಿಜವಾದ ಕಮಾನಿದೆ. ಸ್ಥಳೀಯ ಶಿಲ್ಪಿಗಳು ತಮಗೆ ಗೊತ್ತಿದ್ದ ವಿಧಾನದಲ್ಲೇ ಹೊಸ ಆಕಾರವನ್ನು ಕಟ್ಟಿದ ಕಾಲದಿಂದ ಹೊಸ ವಿಧಾನವೇ ನೆಲೆಯೂರಿದ ಕಾಲದವರೆಗಿನ ನೂರು ವರ್ಷಗಳ ಇತಿಹಾಸವನ್ನು ಕೆಲವೇ ಹೆಜ್ಜೆಗಳ ಅಂತರದಲ್ಲಿ ತೋರಿಸಿದಂತಾಗುತ್ತದೆ. ನನಗೆ ಇಡೀ ಆವರಣದಲ್ಲಿ ಅತ್ಯಂತ ಪ್ರಿಯವಾದ ಭಾಗ ಇದೇ.

ಮಿನಾರನ್ನೂ ಹೀಗೆಯೇ ಓದಿಸಬಹುದು. ಕುತುಬುದ್ದೀನ್ ಐಬಕ್ ಆರಂಭಿಸಿದ್ದನ್ನು ಇಲ್ತುತ್‌ಮಿಶ್ ಮುಂದುವರಿಸಿದನು; ಸಿಡಿಲಿನಿಂದ ಹಾನಿಯಾದ ಮೇಲೆ ಫಿರೋಜ್ ಷಾ ತುಘಲಕ್ ಮೇಲ್ಭಾಗವನ್ನು ಮತ್ತೆ ಕಟ್ಟಿಸಿದನು. ಮೇಲಿನ ಎರಡು ಅಂತಸ್ತುಗಳಲ್ಲಿ ಅಮೃತಶಿಲೆ ಹೆಚ್ಚಾಗಿ ಕಾಣುವುದನ್ನು ಬೆರಳು ಮಾಡಿ ತೋರಿಸಿದರೆ ಇಸವಿಗಳನ್ನು ಒಪ್ಪಿಸುವ ಅಗತ್ಯವೇ ಬೀಳದು. ಒಳಗೆ ಹತ್ತಲು ಏಕೆ ಬಿಡುವುದಿಲ್ಲ ಎಂದು ಕೇಳುವವರು ಇದ್ದೇ ಇರುತ್ತಾರೆ. 1981ರಲ್ಲಿ ಮೆಟ್ಟಿಲುಗಳಲ್ಲಿ ನಡೆದ ನೂಕುನುಗ್ಗಲಿನಲ್ಲಿ ಹಲವರು, ಅವರಲ್ಲಿ ಬಹುಪಾಲು ಶಾಲಾ ಮಕ್ಕಳು, ಪ್ರಾಣ ಕಳೆದುಕೊಂಡರು ಎಂಬುದನ್ನು ಗಂಭೀರವಾಗಿ, ಚುಟುಕಾಗಿ ಹೇಳಿ.

ಕಬ್ಬಿಣದ ಕಂಬದ ಬಳಿ ದಂತಕಥೆಗಳನ್ನು ಶಾಸನದಿಂದ ಬೇರ್ಪಡಿಸಿ ಹೇಳುವುದು ಮುಖ್ಯ. ಅದರ ಸಂಸ್ಕೃತ ಶಾಸನವು ಚಂದ್ರನೆಂಬ ಅರಸನನ್ನು ಹೆಸರಿಸುತ್ತದೆ. ಅವನು ಎರಡನೆಯ ಚಂದ್ರಗುಪ್ತನೆಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಕಂಬವನ್ನು ವಿಷ್ಣುಪದವೆಂಬ ಬೆಟ್ಟದಲ್ಲಿ ನಿಲ್ಲಿಸಲಾಯಿತೆಂದು ಶಾಸನವೇ ಹೇಳುವುದರಿಂದ, ಅದು ಬೇರೆಡೆಯಿಂದ ಇಲ್ಲಿಗೆ ಬಂದಿತೆಂಬ ವಾದಕ್ಕೆ ಬಲವಿದೆ. ತುಕ್ಕು ಹಿಡಿಯದಿರುವುದಕ್ಕೆ, ರಂಜಕದ ಅಂಶ ಹೆಚ್ಚಿರುವ ಕಬ್ಬಿಣದ ಮೇಲೆ ಉಂಟಾಗಿರುವ ತೆಳುವಾದ ರಕ್ಷಕ ಪದರವೇ ಮುಖ್ಯ ಕಾರಣ.

ಗುಂಪಿನಲ್ಲಿ ಬಿಸಿ ಏರುವ ಪ್ರಶ್ನೆ ಒಂದೇ: ದೇವಾಲಯಗಳನ್ನು ಕೆಡವಿ ಕಟ್ಟಿದರೇ? ನುಣುಚಿಕೊಳ್ಳಬೇಡಿ. 27 ದೇವಾಲಯಗಳ ಸಾಮಗ್ರಿಯನ್ನು ಬಳಸಲಾಗಿದೆಯೆಂದು ಮಸೀದಿಯ ಪೂರ್ವದ ಬಾಗಿಲಿನ ಶಾಸನವೇ ಹೇಳುತ್ತದೆ. ಆ ಬಾಗಿಲನ್ನೂ, ಗಂಟೆ ಸರಪಳಿಗಳ ಕೆತ್ತನೆಯಿರುವ ಕಂಬಗಳನ್ನೂ ತೋರಿಸಿ, ಇದ್ದುದನ್ನು ಇದ್ದಂತೆ ಶಾಂತವಾಗಿ ಹೇಳಿ. ವಾದ ಮುಂದುವರಿದರೆ ಅದಕ್ಕೆ ತಾವು ತೀರ್ಪುಗಾರರಾಗಬೇಕಿಲ್ಲ. ಕೇಳುಗರು ಯಾವ ಮತದವರಾದರೂ ಅದೇ ಮಾತನ್ನು ಅದೇ ದನಿಯಲ್ಲಿ ಹೇಳುವವರ ಮೇಲೆ ವಿಶ್ವಾಸ ಮೂಡುತ್ತದೆ.

ಮೇ, ಜೂನ್ ತಿಂಗಳುಗಳಲ್ಲಿ ಬೆಳಿಗ್ಗೆ ಬೇಗನೆ ಆರಂಭಿಸಿ. ಎಲ್ಲರೂ ಬಂದು ಸೇರುವವರೆಗೆ ಮಾತು ತೆಗೆಯಬೇಡಿ, ಬಿಸಿಲು ಕೇಳುವವರ ಬೆನ್ನಿಗಿರಲಿ, ಶೌಚಾಲಯ ಎಲ್ಲಿದೆಯೆಂದು ಮೊದಲೇ ತಿಳಿಸಿ.

ಇದು ಕೈಹಿಡಿದ ಮೇಲೆ ಷಹಜಹಾನಾಬಾದಿಗೆ, ಅಂದರೆ ಷಹಜಹಾನ್ ಕಟ್ಟಿಸಿದ ಹಳೆಯ ದೆಹಲಿಗೆ, ಬೇರೆಯೇ ನಡಿಗೆಯನ್ನು ಸಿದ್ಧಪಡಿಸಿ. ಅಲ್ಲಿನ ಕೆಂಪುಕೋಟೆಗೆ ಸೋಮವಾರ ರಜೆ. ರಾಯಸಿನಾ ಗುಡ್ಡವನ್ನು ಒಂದು ಸಂಜೆಗೆ ಇಟ್ಟುಕೊಳ್ಳಿ. ಗುಡ್ಡದ ಬುಡದ ವಿಜಯ್ ಚೌಕ್‌ನಲ್ಲಿ ನಿಂತರೆ ಏರಿನ ಮರೆಯಲ್ಲಿ ರಾಷ್ಟ್ರಪತಿ ಭವನದ ಗುಮ್ಮಟವಷ್ಟೇ ಕಾಣುತ್ತದೆ. ಹೊಸ ದೆಹಲಿಯ ವಾಸ್ತುಶಿಲ್ಪಿಗಳಾದ ಲ್ಯೂಟೆನ್ಸ್ ಮತ್ತು ಬೇಕರ್ ನಡುವೆ ಮನಸ್ತಾಪಕ್ಕೆ ಕಾರಣವಾದದ್ದು ಇದೇ ಏರು. ಆ ಕಥೆಯನ್ನು ಅಲ್ಲಿಯೇ ಹೇಳಿ, ಆಮೇಲೆ ಮೇಲಕ್ಕೆ ನಡೆಸಿ.